ಕೂಸಿನ ತಲೆ ಒಂದು ಕಡೆ ಚಪ್ಪಟೆಯಾಗುತ್ತಿದೆಯೇ? ದಿಂಬು ಬಿಡಿ, ಎಚ್ಚರದಲ್ಲಿ ಬೋರಲು ಹಾಕಿ

ಎರಡು ತಿಂಗಳ ಕೂಸಿಗೆ ಸ್ನಾನ ಮಾಡಿಸಿ ತಲೆ ಒರೆಸುವಾಗ ಒಂದು ದಿನ ತಾಯಿಯ ಅಂಗೈಗೆ ಗೊತ್ತಾಗುತ್ತದೆ, ಹಿಂದಲೆಯ ಬಲಭಾಗ ಸಪಾಟಾಗಿದೆ. ಆಮೇಲೆ ಬಹುತೇಕ ಮನೆಗಳಲ್ಲಿ ನಡೆಯುವುದು ಒಂದೇ. ಅಜ್ಜಿ ಸಾಸಿವೆ ತುಂಬಿ ದಿಂಬು ಹೊಲಿಯುತ್ತಾರೆ. ನೀರೆರೆಯಲು ಬರುವವರು ಎಣ್ಣೆ ಕೈಯಲ್ಲಿ ಒತ್ತಿ ಒತ್ತಿ ಗುಂಡಗೆ ಮಾಡಲು ನೋಡುತ್ತಾರೆ. ಅಪ್ಪ ನಡುವೆ ಕುಳಿ ಇರುವ ದಿಂಬನ್ನು ಆನ್‌ಲೈನ್‌ನಲ್ಲಿ ತರಿಸುತ್ತಾರೆ. ಹೀಗೆ ಮೂರು ತಿಂಗಳು ಕಳೆದು ಕೂಸು ಐದನೇ ತಿಂಗಳಲ್ಲಿ ನನ್ನ ಬಳಿ ಬರುವ ಹೊತ್ತಿಗೆ, ತಲೆ ಸುಲಭವಾಗಿ ಸರಿಹೋಗುವ ಕಾಲ ಬಹುಪಾಲು ಮುಗಿದಿರುತ್ತದೆ. ಮಕ್ಕಳ ಫಿಸಿಯೋಥೆರಪಿ ನನ್ನ ಕೆಲಸ. ಆ ಮೂರು ತಿಂಗಳು ಇನ್ನೊಂದು ಮನೆಯಲ್ಲಿ ಹಾಳಾಗಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ.

ಎಳೆಗೂಸಿನ ಬುರುಡೆ ಒಂದೇ ಗಟ್ಟಿ ಮೂಳೆಯಲ್ಲ. ತೆಳುವಾದ ಹಲವು ಮೂಳೆಗಳು, ಅವುಗಳ ನಡುವೆ ಇನ್ನೂ ಬೆಸೆಯದ ಸಂದುಗಳು. ಮೊದಲ ಮೂರು ತಿಂಗಳು ತಲೆಯ ಸುತ್ತಳತೆ ತಿಂಗಳಿಗೆ ಸುಮಾರು 2 ಸೆಂ.ಮೀ. ಬೆಳೆಯುತ್ತದೆ, ಮುಂದಿನ ಮೂರು ತಿಂಗಳು ಸುಮಾರು 1 ಸೆಂ.ಮೀ., ಆಮೇಲೆ ವರ್ಷ ತುಂಬುವವರೆಗೆ ಅರ್ಧ ಸೆಂ.ಮೀ. ಇಷ್ಟು ಬೇಗ ಬೆಳೆಯುವ ತಲೆ ಸದಾ ಒಂದೇ ಮಗ್ಗುಲಲ್ಲಿ ಹಾಸಿಗೆಗೆ ಒರಗಿದರೆ ಅಲ್ಲಿ ಬೆಳೆಯಲು ಜಾಗವಿಲ್ಲ, ಉಳಿದ ಕಡೆ ಬೆಳೆಯುತ್ತದೆ. ಹೊಲದಲ್ಲಿ ನೆಲಕ್ಕೆ ತಾಗಿ ಬಲಿತ ಕುಂಬಳಕಾಯಿಯ ಅಡಿಭಾಗ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೂಸಿನ ತಲೆಯನ್ನು ಸರಿಮಾಡುವುದೂ ಆ ಬೆಳವಣಿಗೆಯೇ. ಚಪ್ಪಟೆ ಭಾಗದ ಮೇಲಿನ ಭಾರ ತೆಗೆಯುವುದಷ್ಟೇ ನಮ್ಮ ಕೆಲಸ. ಬೆಳವಣಿಗೆ ಜೋರಾಗಿರುವಾಗ, ಅಂದರೆ ನಾಲ್ಕು ತಿಂಗಳ ಒಳಗೆ ಶುರುಮಾಡಿದರೆ ಫಲ ಬೇಗ ಕಾಣುತ್ತದೆ.

ಹೆದರಿದ ತಾಯಂದಿರಿಗೆ ಮೊದಲೇ ಎರಡು ಮಾತು. ಮಲಗುವ ಭಂಗಿಯಿಂದ ಆದ ಚಪ್ಪಟೆ ಮಿದುಳನ್ನು ಒತ್ತುವುದಿಲ್ಲ. ಇದು ಅಪರೂಪದ್ದೂ ಅಲ್ಲ: ಕೆನಡಾದ ಕ್ಯಾಲ್ಗರಿಯಲ್ಲಿ 7ರಿಂದ 12 ವಾರದ 440 ಕೂಸುಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 46.6ರಷ್ಟು ಕೂಸುಗಳ ತಲೆಯಲ್ಲಿ ಒಂದಿಷ್ಟಾದರೂ ಚಪ್ಪಟೆ ಇತ್ತು, ಹೆಚ್ಚಿನವರಲ್ಲಿ ಸೌಮ್ಯವಾಗಿ. ನೀವು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದು ಯಾರಾದರೂ ಅಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

1. ಮೇಲಿನಿಂದ ನೋಡಿ

ಸ್ನಾನದ ನಂತರ, ಕೂದಲು ಒದ್ದೆಯಾಗಿ ಅಂಟಿಕೊಂಡಿರುವಾಗ, ಮನೆಯವರೊಬ್ಬರು ಕೂಸನ್ನು ತೊಡೆಯ ಮೇಲೆ ಕತ್ತಿಗೆ ಆಸರೆ ಕೊಟ್ಟು ಕೂರಿಸಿಕೊಳ್ಳಲಿ. ನೀವು ನೆತ್ತಿಯ ನೇರಕ್ಕೆ ನಿಂತು ನೋಡಿ, ಎರಡೂ ಕಿವಿಗಳಿಗೆ ತೋರುಬೆರಳು ತಾಗಿಸಿ. ಭಂಗಿಯಿಂದಾದ ಚಪ್ಪಟೆಯಲ್ಲಿ ಆ ಕಡೆಯ ಕಿವಿ ಮುಂದಕ್ಕೆ ತಳ್ಳಿಕೊಂಡಿರುತ್ತದೆ, ಹಣೆಯೂ ಅದೇ ಕಡೆ ಕೊಂಚ ಉಬ್ಬಿರುತ್ತದೆ. ಹೀಗಲ್ಲದೆ ಚಪ್ಪಟೆ ಕಡೆಯ ಕಿವಿ ಹಿಂದಕ್ಕೆ ಸರಿದಿದ್ದರೆ, ಅಥವಾ ಮೂಳೆಯ ಸಂದಿನುದ್ದಕ್ಕೂ ಬದುವಿನಂತೆ ಗಟ್ಟಿ ಏರು ಕೈಗೆ ಸಿಕ್ಕರೆ ಮುಂದಿನ ಹಂತ ಓದುತ್ತಾ ಕೂರಬೇಡಿ, ಮಕ್ಕಳ ವೈದ್ಯರಿಗೆ ತೋರಿಸಿ. ಸಂದುಗಳು ಅವಧಿಗೆ ಮುನ್ನ ಬೆಸೆದುಕೊಳ್ಳುವ ತೊಂದರೆ ಸುಮಾರು 2,000ದಿಂದ 2,500 ಹೆರಿಗೆಗಳಲ್ಲಿ ಒಂದು ಕೂಸಿಗೆ ಇರುತ್ತದೆ. ಅದಕ್ಕೆ ಹೆಚ್ಚಾಗಿ ಶಸ್ತ್ರಚಿಕಿತ್ಸೆಯೇ ಬೇಕು, ಮೊದಲ ವರ್ಷದಲ್ಲೇ.

ಅದೇ ಜಾಗದಿಂದ ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ಹದಿನೈದು ದಿನಕ್ಕೊಮ್ಮೆ. ದಿನಾ ನೋಡುವ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಸಹಜ ಹೆರಿಗೆಯಲ್ಲಿ ಹುಟ್ಟಿದಾಗ ತಲೆ ಉದ್ದುದ್ದ ಕಾಣುವುದು ಬೇರೆ ವಿಷಯ. ಅದು ತಾನಾಗಿಯೇ ಇಳಿಯುತ್ತದೆ.

2. ಕತ್ತು ಎರಡೂ ಕಡೆ ತಿರುಗುತ್ತದೆಯೇ?

ಎಲ್ಲರೂ ತಲೆ ನೋಡುತ್ತಾರೆ, ಕತ್ತು ನೋಡುವವರು ಕಡಿಮೆ. ಕೂಸು ಸದಾ ಬಲಕ್ಕೇ ತಿರುಗಿ ಮಲಗುತ್ತದೆ ಎಂದರೆ ಅದು ಅಭ್ಯಾಸವೂ ಇರಬಹುದು, ಎಡಕ್ಕೆ ತಿರುಗಲು ಆಗದೆಯೂ ಇರಬಹುದು. ಕಿವಿಯ ಹಿಂದಿನಿಂದ ಕೊರಳ ಕೆಳಗಿನ ಮೂಳೆಯವರೆಗೆ ಹಾದುಹೋಗುವ ಸ್ನಾಯು ಒಂದು ಕಡೆ ಬಿಗಿದುಕೊಂಡಿದ್ದರೆ ತಲೆ ಆ ಕಡೆ ವಾಲುತ್ತದೆ, ಗಲ್ಲ ಇನ್ನೊಂದು ಕಡೆ ತಿರುಗುತ್ತದೆ.

ಪರೀಕ್ಷೆ ಸುಲಭ. ಕೂಸು ಎಚ್ಚರವಾಗಿ ಖುಷಿಯಾಗಿರುವಾಗ ಅಂಗಾತ ಮಲಗಿಸಿ, ಮುಖದ ಮುಂದೆ ಒಂದು ಗೇಣು ದೂರದಲ್ಲಿ ನಿಮ್ಮ ಮುಖ ತನ್ನಿ. ಕಣ್ಣು ಕೂಡಿದ ಮೇಲೆ ನಿಧಾನವಾಗಿ ಒಂದು ಬದಿಗೆ ಸರಿಯಿರಿ, ಮತ್ತೆ ಇನ್ನೊಂದು ಬದಿಗೆ. ಎರಡು ತಿಂಗಳ ಕೂಸು ನಿಮ್ಮನ್ನು ಹಿಂಬಾಲಿಸಿ ಗಲ್ಲವನ್ನು ಹೆಚ್ಚುಕಡಿಮೆ ಭುಜದವರೆಗೂ ತರಬೇಕು. ಒಂದು ಕಡೆ ಅರ್ಧಕ್ಕೇ ನಿಂತು, ಬರೀ ಕಣ್ಣು ಹೊರಳಿಸಿದರೆ, ಅಥವಾ ಕತ್ತಿನ ಬದಿಯಲ್ಲಿ ಗೋಲಿಯಂಥ ಗಂಟು ಸಿಕ್ಕರೆ ವೈದ್ಯರಿಗೆ ತೋರಿಸಿ. ಆ ಸ್ನಾಯುವನ್ನು ಹಿಗ್ಗಿಸುವ ವ್ಯಾಯಾಮವಿದೆ, ಆದರೆ ಅದನ್ನು ಓದಿ ಕಲಿಯಬಾರದು. ಒಬ್ಬರು ಕೈ ಹಿಡಿದು ತೋರಿಸಬೇಕು. ವಿಡಿಯೊ ನೋಡಿ ಕೂಸಿನ ಕತ್ತು ತಿರುಚಿದವರನ್ನು ಕಂಡಿದ್ದೇನೆ, ದಯವಿಟ್ಟು ಬೇಡ.

3. ನಿದ್ದೆ ಅಂಗಾತವೇ, ತೊಟ್ಟಿಲಿನ ದಿಕ್ಕು ಮಾತ್ರ ಬದಲು

ತಲೆ ಚಪ್ಪಟೆಯಾಯಿತೆಂದು ಕೂಸನ್ನು ಬೋರಲು ಮಲಗಿಸಿ ನಿದ್ದೆ ಮಾಡಿಸಬೇಡಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1992ರಲ್ಲಿ ಕೂಸುಗಳನ್ನು ಬೋರಲು ಮಲಗಿಸಬಾರದೆಂದು ಹೇಳಿತು, 1994ರಲ್ಲಿ ಅಲ್ಲಿ ಅದು ದೇಶವ್ಯಾಪಿ ಪ್ರಚಾರವಾಯಿತು. ನಿದ್ದೆಯಲ್ಲೇ ಇದ್ದಕ್ಕಿದ್ದಂತೆ ಸಾಯುವ ಕೂಸುಗಳ ಪ್ರಮಾಣ ಆಮೇಲಿನ ವರ್ಷಗಳಲ್ಲಿ ಅರ್ಧದಷ್ಟು ಇಳಿಯಿತು. ಚಪ್ಪಟೆ ತಲೆಗಳು ಅಲ್ಲಿ ಹೆಚ್ಚಾದದ್ದೂ ಆಗಲೇ. ಆದರೂ ಯಾರೂ ಆ ಸಲಹೆಯನ್ನು ಹಿಂದಕ್ಕೆ ಪಡೆಯಲಿಲ್ಲ. ಜೀವದ ಮುಂದೆ ತಲೆಯ ಆಕಾರ ದೊಡ್ಡದಲ್ಲ.

ಕೂಸು ತಿರುಗುವುದು ಬೆಳಕಿನ ಕಡೆಗೆ, ಬಾಗಿಲ ಕಡೆಗೆ, ಅಮ್ಮ ಮಲಗಿರುವ ಕಡೆಗೆ. ಹಾಗಾಗಿ ತಲೆ ಹಿಡಿದು ತಿರುಗಿಸುವ ಬದಲು ನೋಡುವ ವಸ್ತುವನ್ನು ಆಚೆ ಕಡೆಗೆ ತನ್ನಿ. ಇವತ್ತು ತಲೆ ಇದ್ದ ಕಡೆಗೆ ನಾಳೆ ಕಾಲು ಬರಲಿ. ಹೀಗೆ ಹೇಳಿದ ಕೂಡಲೇ ನಮ್ಮ ಮನೆಗಳಲ್ಲಿ ಒಂದು ಅಡ್ಡಿ ಬರುತ್ತದೆ, "ಉತ್ತರಕ್ಕೆ ತಲೆ ಹಾಕಬಾರದು ಮೇಡಂ." ಹಿರಿಯರೊಂದಿಗೆ ವಾದ ಬೇಡ. ತೊಟ್ಟಿಲನ್ನೇ ಪೂರ್ವ ಪಶ್ಚಿಮಕ್ಕೆ ತಿರುಗಿಸಿಡಿ, ಆಮೇಲೆ ದಿನ ಬಿಟ್ಟು ದಿನ ಆ ತುದಿ, ಈ ತುದಿ. ನಿದ್ದೆ ಗಾಢವಾದ ಮೇಲೆ ಗಲ್ಲವನ್ನು ಮೆಲ್ಲಗೆ ಇನ್ನೊಂದು ಕಡೆಗೆ ಸರಿಸಬಹುದು, ಕೂಸು ತಿರುಗಿ ಮೊದಲಿನಂತೆಯೇ ಮಲಗಿದರೆ ಬಿಟ್ಟುಬಿಡಿ.

ಸೀರೆಯ ಜೋಲಿಯಲ್ಲಿ ಗಂಟೆಗಟ್ಟಲೆ ಮಲಗಿಸುವುದನ್ನು ನಾನು ಒಪ್ಪುವುದಿಲ್ಲ. ಬೆನ್ನು ಬಾಗಿ ಗಲ್ಲ ಎದೆಗೆ ಒತ್ತಿದರೆ ಎಳೆಗೂಸಿಗೆ ಉಸಿರು ಕಷ್ಟ, ತಲೆಯೂ ಒಂದೇ ಕುಳಿಯಲ್ಲಿ ಕೂತುಬಿಡುತ್ತದೆ. ಕಾರಿನಲ್ಲಿ ಕೂಸನ್ನು ಕೂರಿಸುವ ಪುಟ್ಟ ಸೀಟನ್ನು ಮನೆಯೊಳಗೆ ತಂದು ಅದರಲ್ಲೇ ಮಲಗಿಸುವುದೂ ಅಷ್ಟೇ. ಕಾರಿನ ಸೀಟು ಕಾರಿಗೆ.

ದಿಂಬುಗಳ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ

ಸಾಸಿವೆ ದಿಂಬು, ರಾಗಿ ದಿಂಬು, ನಡುವೆ ಕುಳಿ ಇರುವ ಫೋಮ್ ದಿಂಬು, ಯಾವುದೂ ಬೇಡ. ಒಂದು ವರ್ಷದ ಒಳಗಿನ ಕೂಸಿಗೆ ದಿಂಬೇ ಬೇಡ. ಮುಖ ಅದರಲ್ಲಿ ಹುದುಗಿದರೆ ತಿರುಗಿಸಿಕೊಳ್ಳುವ ಶಕ್ತಿ ಕೂಸಿಗಿಲ್ಲ. ಹೊಲಿಗೆ ಬಿಚ್ಚಿದರೆ ಕಾಳು ಬಾಯಿಗೆ, ಮೂಗಿಗೆ ಹೋಗುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2022ರ ನವೆಂಬರ್‌ನಲ್ಲಿ ತಲೆ ಆಕಾರದ ದಿಂಬುಗಳನ್ನು ಬಳಸಬೇಡಿ ಎಂದು ಪೋಷಕರಿಗೆ ನೇರವಾಗಿ ಎಚ್ಚರಿಕೆ ಕೊಟ್ಟಿದೆ. ನಮ್ಮ ಅಂಗಡಿಗಳಲ್ಲಿ ಇವು ಇನ್ನೂ ಬಾಣಂತಿ ಉಡುಗೊರೆಯಾಗಿ ಮಾರಾಟವಾಗುತ್ತಿರುವುದು ನನಗೆ ಬಹಳ ಬೇಸರದ ಸಂಗತಿ.

ಕೈಯಿಂದ ಒತ್ತಿ ತಿದ್ದುವುದೂ ಬೇಡ. ಎಣ್ಣೆ ಹಚ್ಚಿ, ಮೃದುವಾಗಿ ಸವರಿ. ನೆತ್ತಿಯ ಮೆತ್ತನೆ ಜಾಗ ಸಾಮಾನ್ಯವಾಗಿ 12ರಿಂದ 18 ತಿಂಗಳಿಗೆ ಮುಚ್ಚುತ್ತದೆ, ಅದಕ್ಕೂ ಒತ್ತುವುದಕ್ಕೂ ಸಂಬಂಧವಿಲ್ಲ. ದಿನಕ್ಕೆ ಐದು ನಿಮಿಷ ಒತ್ತಿದ ಕೈ, ಹದಿನಾರು ಗಂಟೆ ಒರಗಿದ ಭಾರವನ್ನು ಸರಿಗಟ್ಟಲಾರದು.

4. ಎಚ್ಚರದಲ್ಲಿ ಬೋರಲು ಹಾಕುವುದು

ಹೆಚ್ಚಿನವರು ತಪ್ಪುವುದು ಇಲ್ಲಿ. ಮೆತ್ತನೆ ಹಾಸಿಗೆಯ ಮೇಲೆ, ಹಾಲು ಕುಡಿಸಿದ ಕೂಡಲೇ, ಕೈಗಳು ಎತ್ತಲೋ ಇರುವಂತೆ ಕೂಸನ್ನು ಬೋರಲು ಇಡುತ್ತಾರೆ. ಅದು ಹಾಲು ಕಕ್ಕುತ್ತದೆ, ಮೂಗು ಹಾಸಿಗೆಗೆ ಉಜ್ಜಿ ಅಳುತ್ತದೆ. "ನಮ್ಮ ಕೂಸಿಗೆ ಆಗಿಬರುವುದಿಲ್ಲ" ಎಂದು ಅಲ್ಲಿಗೇ ಬಿಡುತ್ತಾರೆ.

ಹೊತ್ತು: ಹಾಲು ಕುಡಿದು ತೇಗು ಬಂದು ಅರ್ಧ ಗಂಟೆಯಾದರೂ ಆಗಿರಲಿ. ಹಸಿವೂ ಇರಬಾರದು, ನಿದ್ದೆಯೂ. ಬಟ್ಟೆ ಬದಲಿಸಿದಾಗಲೆಲ್ಲ ಒಮ್ಮೆ ಹಾಕುವ ರೂಢಿ ಮಾಡಿಕೊಂಡರೆ ಬೇರೆ ಸಮಯ ಹುಡುಕಬೇಕಿಲ್ಲ.

ಜಾಗ: ನೆಲವೇ. ಚಾಪೆ, ಅದರ ಮೇಲೆ ಒಂದು ಕೌದಿ ಅಥವಾ ಜಮಖಾನ ಸುಕ್ಕಿಲ್ಲದಂತೆ. ಮಂಚ ಬೇಡ, ಮೆತ್ತೆ ಬೇಡ. ಗಟ್ಟಿ ನೆಲ ಇದ್ದರೆ ಮಾತ್ರ ಕೂಸು ಕೈ ಊರಿ ಏಳಬಲ್ಲದು.

ಈಗ ಕೂಸನ್ನು ಎತ್ತಿ ದೊಪ್ಪನೆ ಬೋರಲು ಹಾಕಬೇಡಿ. ಅಂಗಾತ ಮಲಗಿಸಿ, ಉರುಳಬೇಕಾದ ಕಡೆಯ ಕೈಯನ್ನು ಕಿವಿಯ ಪಕ್ಕಕ್ಕೆ ಚಾಚಿಸಿ, ಸೊಂಟ ಹಿಡಿದು ಮಗ್ಗುಲಾಗಿ, ಅಲ್ಲಿಂದ ಮೆಲ್ಲಗೆ ಬೋರಲು ಉರುಳಿಸಿ. ಮುಂದೆ ತಾನೇ ಮಗುಚಿಕೊಳ್ಳುವ ದಾರಿ ಅದಕ್ಕೆ ಹೀಗೆಯೇ ತಿಳಿಯುತ್ತದೆ.

ಆಮೇಲೆ ಮೊಣಕೈ. ನಾನು ಪ್ರತಿ ತಾಯಿಗೂ ಮೂರು ಸಲ ಹೇಳುವ ಮಾತು ಇದು. ಎರಡೂ ಮೊಣಕೈ ಭುಜದ ಕೆಳಗೆ, ಇಲ್ಲವೇ ಕೊಂಚ ಮುಂದೆ ಇರಬೇಕು. ಕೈಗಳು ರೆಕ್ಕೆಯಂತೆ ಅಗಲಕ್ಕೋ, ಹಿಂದಕ್ಕೋ ಹೋಗಿದ್ದರೆ ನಾವಾದರೂ ತಲೆ ಎತ್ತಲಾರೆವು. ಮೊದಲ ವಾರಗಳಲ್ಲಿ ಒಂದು ತೆಳು ಟವಲನ್ನು ಸುರುಳಿ ಸುತ್ತಿ ಎದೆಯ ಕೆಳಗೆ, ಕಂಕುಳ ಮಟ್ಟಕ್ಕೆ ಇಡಿ. ಕೈಗಳು ಸುರುಳಿಯ ಆಚೆ ಇರಲಿ, ಗಲ್ಲ ಅದರ ಮೇಲೆ ಒತ್ತದಿರಲಿ. ನಿಮ್ಮ ಒಂದು ಅಂಗೈಯನ್ನು ಕೂಸಿನ ಕುಂಡೆಯ ಮೇಲೆ ಹಗುರವಾಗಿ ಊರಿ. ಭಾರ ಹಿಂದಕ್ಕೆ ಸರಿದು ತಲೆ ಮೇಲೇಳುವುದನ್ನು ನೀವೇ ನೋಡುತ್ತೀರಿ.

ಇನ್ನು ನೀವು ಎಲ್ಲಿರಬೇಕು? ಮೇಲೆ ನಿಂತು ಚಪ್ಪಾಳೆ ತಟ್ಟುವುದಲ್ಲ. ಎದುರಿಗೆ ನೆಲದ ಮೇಲೆ ನೀವೂ ಬೋರಲು ಮಲಗಿ, ಮುಖಕ್ಕೆ ಮುಖ. ಎಳೆಗೂಸಿಗೆ ಚೆನ್ನಾಗಿ ಕಾಣುವುದು 20ರಿಂದ 30 ಸೆಂ.ಮೀ. ದೂರದ್ದು, ಅದರಲ್ಲೂ ಅಮ್ಮನ ಮುಖ. ತಲೆ ಬಲಗಡೆ ಚಪ್ಪಟೆಯಿದ್ದರೆ ಎಡಗಡೆಯಿಂದ ಮಾತಾಡಿಸಿ, ಬಳೆ ಸದ್ದು ಮಾಡಿ, ಗಿಲಕಿ ಆಡಿಸಿ.

ಎಷ್ಟು ಹೊತ್ತು? ಮೊದಲ ದಿನ ಒಂದು ನಿಮಿಷವಾದರೂ ಸಾಕು. ಮೂರರಿಂದ ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ ಎಂದು ಶುರುಮಾಡಿ, ಏಳನೇ ವಾರದ ಹೊತ್ತಿಗೆ ದಿನದಲ್ಲಿ ಎಲ್ಲ ಸೇರಿ 15ರಿಂದ 30 ನಿಮಿಷಕ್ಕೆ ಏರಿಸಿ. ಅಂಬೆಗಾಲಿಗೆ ಮುನ್ನಿನ ಕೂಸುಗಳಿಗೆ ದಿನಕ್ಕೆ ಕನಿಷ್ಠ 30 ನಿಮಿಷ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮುಖ ನೆಲಕ್ಕೆ ಇಳಿದು ಮುಲುಗಾಟ ಶುರುವಾದಾಗಲೇ ಎತ್ತಿಕೊಳ್ಳಿ, ಅಳುವವರೆಗೆ ಕಾಯಬೇಡಿ. ಅತ್ತ ಮೇಲೆ ಎತ್ತಿದರೆ ನಾಳೆ ಬೋರಲು ಹಾಕಿದೊಡನೆ ಅಳುತ್ತದೆ.

ದೊಡ್ಡವರೊಬ್ಬರು ಕಣ್ಣು ತೆಗೆಯದೆ ಪಕ್ಕದಲ್ಲಿರಬೇಕು. ಅಲ್ಲೇ ನಿದ್ದೆ ಹೋದರೆ ಕೂಡಲೇ ಅಂಗಾತ ಮಾಡಿ.

ಕಳೆದ ವರ್ಷ ಒಂದು ಮನೆಯಲ್ಲಿ ನಾನು ಕೂಸನ್ನು ಚಾಪೆಯ ಮೇಲೆ ಉರುಳಿಸುತ್ತಿದ್ದಂತೆ ಅಜ್ಜಿ ಓಡಿಬಂದರು. "ಅಯ್ಯೋ, ಉಸಿರು ಕಟ್ಟೋಗುತ್ತೆ, ಎತ್ಕೊಳವ್ವಾ!" ನಾನು ಕೇಳಿದೆ, "ಅಜ್ಜಿ, ನೀವು ನೀರೆರೆಯುವಾಗ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಬೋರಲು ಹಾಕಿಕೊಂಡೇ ಅಲ್ಲವೇ ಬೆನ್ನಿಗೆ ಎಣ್ಣೆ ತಿಕ್ಕುವುದು?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದು ಕಣವ್ವ, ಅಲ್ಲಿ ಅಳೋದೇ ಇಲ್ಲ" ಅಂದರು. ಮರುದಿನದಿಂದ ಎಣ್ಣೆಯ ಹೊತ್ತನ್ನು ಅವರೇ ಹತ್ತು ನಿಮಿಷಕ್ಕೆ ಹಿಗ್ಗಿಸಿದರು, ಸೊಸೆ ಎದುರಿಗೆ ಕೂತು ಎಡಗಡೆಯಿಂದ ಮಾತಾಡಿಸಿದಳು. ಚಾಪೆ ಒಲ್ಲೆನೆನ್ನುವ ಕೂಸಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಇನ್ನೂ ಎಳೆಯದಾದರೆ, ಅಮ್ಮ ಅರ್ಧ ಒರಗಿ ಕೂತು ಎದೆಯ ಮೇಲೆ ಬೋರಲು ಹಾಕಿಕೊಂಡರೂ ಲೆಕ್ಕಕ್ಕೆ ಬರುತ್ತದೆ. ಅವಧಿಗೆ ಮುನ್ನ ಹುಟ್ಟಿದ ಕೂಸಾದರೆ ವೈದ್ಯರನ್ನು ಕೇಳಿ ಶುರುಮಾಡಿ. ಅಂಥ ಕೂಸಿನ ಬುರುಡೆ ಇನ್ನೂ ಮೆತ್ತಗಿರುತ್ತದೆ, ಇದು ಅದಕ್ಕೆ ಹೆಚ್ಚು ಅಗತ್ಯ.

5. ಎತ್ತಿಕೊಳ್ಳುವುದು, ಹಾಲು

ಬಾಟಲಿ ಹಾಲಾದರೆ ಪ್ರತಿ ಸಲ ತೋಳು ಬದಲಿಸಿ, ಎತ್ತಿಕೊಂಡಾಗ ಭುಜ ಬದಲಿಸಿ.

ಹೆಲ್ಮೆಟ್ ಬೇಕೇ?

ಬೆಂಗಳೂರಿನ ತಾಯಂದಿರು, ಹೊರದೇಶದಲ್ಲಿ ಮೊಮ್ಮಕ್ಕಳಿರುವ ಅಜ್ಜಿಯರು ಇದನ್ನು ತಪ್ಪದೆ ಕೇಳುತ್ತಾರೆ. ತಲೆಯ ಆಕಾರ ತಿದ್ದಲೆಂದು ಕೂಸಿಗೆ ತೊಡಿಸುವ ಈ ಗಟ್ಟಿ ಟೋಪಿಯಂಥ ಹೆಲ್ಮೆಟ್ ದುಬಾರಿ, ದಿನಕ್ಕೆ ಸುಮಾರು 23 ಗಂಟೆ ಹಾಕಿರಬೇಕು, ನಮ್ಮ ಸೆಕೆಗೆ ಕೂಸು ಬೆವರಿ ಚರ್ಮ ಕೆಂಪಾಗುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಸಾಧಾರಣದಿಂದ ಹೆಚ್ಚಿನ ಚಪ್ಪಟೆಯಿದ್ದ 84 ಕೂಸುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಹೆಲ್ಮೆಟ್ ಹಾಕಿದರು. 2014ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಎರಡು ವರ್ಷ ತುಂಬಿದಾಗ ಎರಡೂ ಗುಂಪಿನ ತಲೆಗಳ ಆಕಾರದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಪೂರ್ತಿ ಗುಂಡಗಾದವು ಎರಡೂ ಕಡೆ ಕಾಲುಭಾಗದಷ್ಟೇ. ಅತಿ ತೀವ್ರವಾದ ಚಪ್ಪಟೆಯ ಕೂಸುಗಳನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡಿರಲಿಲ್ಲ, ಅಂಥವರ ವಿಷಯವನ್ನು ತಜ್ಞರೇ ನಿರ್ಧರಿಸಬೇಕು. ಉಳಿದವರಿಗೆ ನಾನು ಹೆಲ್ಮೆಟ್ ಹೇಳುವುದಿಲ್ಲ. ಕೂಸು ಕೂರಲು ಕಲಿತು ಅಂಬೆಗಾಲಿಡುವ ಹೊತ್ತಿಗೆ ಹಿಂದಲೆಯ ಮೇಲಿನ ಭಾರ ತಾನಾಗಿ ಹೋಗುತ್ತದೆ, ಉಳಿದ ಅಲ್ಪಸ್ವಲ್ಪವನ್ನು ಕೂದಲು ಮರೆಮಾಡುತ್ತದೆ.

ಆದರೆ ಎರಡು ತಿಂಗಳು ಇಷ್ಟೆಲ್ಲ ಮಾಡಿಯೂ ಫೋಟೊದಲ್ಲಿ ಬದಲಾವಣೆ ಕಾಣದಿದ್ದರೆ, ತಲೆಯ ಸುತ್ತಳತೆ ಬೆಳೆಯುವುದು ನಿಂತಂತಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ನೆತ್ತಿ ಉಬ್ಬಿ ಬಿಗಿಯಾಗಿದ್ದು ಕೂಸು ಮಂಕಾಗಿ ವಾಂತಿ ಮಾಡುತ್ತಿದ್ದರೆ ಅದೇ ಗಳಿಗೆಯಲ್ಲಿ ಹೊರಡಿ. ಇವೇನೂ ಇಲ್ಲದಿದ್ದರೂ ಲಸಿಕೆಗೆ ಹೇಗೂ 6, 10 ಮತ್ತು 14ನೇ ವಾರದಲ್ಲಿ ಹೋಗುತ್ತೀರಿ. ಆ ಮೂರು ಸಲವೂ ಸುತ್ತಳತೆ ಅಳೆದು ಬರೆದುಕೊಡಲು ಕೇಳಿ, ಕೂಸಿನ ಕುಲಾವಿ ಬಿಚ್ಚಿ ಹಿಂದಲೆಯನ್ನು ನೀವಾಗಿಯೇ ತೋರಿಸಿ.