ಟೆಂಟ್ ಬಿಚ್ಚುವ ಮೊದಲು ನೆಲ ನೋಡಿ

ಚಿಕ್ಕಬಳ್ಳಾಪುರದ ಸುತ್ತಮುತ್ತ ಬೆಟ್ಟದ ಬುಡದಲ್ಲಿ ದುಡ್ಡು ಕೊಟ್ಟು ಟೆಂಟ್ ಹಾಕಿಕೊಳ್ಳುವ ಜಾಗಗಳು ಈಗ ಬೇಕಾದಷ್ಟಿವೆ. ಮೊದಲ ಸಲ ಬರುವವರು ಸಾಮಾನು ಜಾಸ್ತಿಯೇ ತಂದಿರುತ್ತಾರೆ. ಆದರೆ ಕತ್ತಲಾದ ಮೇಲೆ ಬಂದು, ಸಿಕ್ಕಲ್ಲಿ ಗೂಟ ಹೊಡೆದು, ನಡುರಾತ್ರಿ ಗಾಳಿ ಎದ್ದಾಗ ಕಾರಿನೊಳಗೆ ಹೋಗಿ ಮಲಗುತ್ತಾರೆ. ಹೋದ ಡಿಸೆಂಬರ್‌ನಲ್ಲಿ ನನ್ನ ಅಕ್ಕನ ಮಗನಿಗೂ ಇದೇ ಆಯಿತು. ಅವನಿಗೆ ಹೇಳಿಕೊಟ್ಟಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತಿಂಗಳು. ನಮ್ಮ ಕಡೆ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗ ಬೇಡ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯದು.

ಟೆಂಟ್. ಚೀಲದ ಮೇಲೆ ಮೂರು ಜನಕ್ಕೆ ಎಂದಿದ್ದರೆ ಇಬ್ಬರಿಗೆ ಅಂತ ತಿಳಿಯಿರಿ. ಮೊದಲ ಸಲ ಬಾಡಿಗೆಗೇ ತನ್ನಿ. ತಂದ ದಿನವೇ ತಾರಸಿಯ ಮೇಲೆ ಒಮ್ಮೆ ನಿಲ್ಲಿಸಿ, ಗೂಟಗಳನ್ನು ಎಣಿಸಿ. ನಾನು ಒಮ್ಮೆ ತಂದ ಚೀಲದಲ್ಲಿ ಐದೇ ಗೂಟ ಇದ್ದವು. ಜೊತೆಗೆ ಕೊಡುವ ತೆಳು ಅಲ್ಯೂಮಿನಿಯಂ ಗೂಟಗಳು ನಮ್ಮ ನೆಲಕ್ಕೆ ಆಗುವುದಿಲ್ಲ. ಕಬ್ಬಿಣದ್ದು ಹತ್ತು ತೆಗೆದುಕೊಳ್ಳಿ.

ಇನ್ನು ಹಾಕುವ ಕೆಲಸ. ಸಂಜೆ ನಾಲ್ಕಕ್ಕೆಲ್ಲ ಜಾಗದಲ್ಲಿರಿ. ಇಲ್ಲಿ ಎಷ್ಟೋ ಕಡೆ ಕೆಮ್ಮಣ್ಣು ಮೂರು ಬೆರಳಷ್ಟೇ, ಅದರ ಕೆಳಗೆ ಬಂಡೆ. ಟೆಂಟ್ ಬಿಚ್ಚುವ ಮೊದಲು ನಾಲ್ಕು ಮೂಲೆಯಲ್ಲೂ ಒಂದೊಂದು ಗೂಟ ಹೊಡೆದು ನೋಡಿ. ಮಂದವಾದ ಸದ್ದು ಬಂದು ಗೂಟ ಇಳಿಯುತ್ತಿದ್ದರೆ ಸರಿ. ಟಣ್ ಅಂದರೆ ಎರಡು ಹೆಜ್ಜೆ ಸರಿಯಿರಿ. ಸರಿಯಲು ಜಾಗವಿಲ್ಲದಿದ್ದರೆ ಗೊಬ್ಬರದ ಖಾಲಿ ಚೀಲಕ್ಕೆ ಮಣ್ಣು ತುಂಬಿ, ಬಾಯಿ ಬಿಗಿದು, ಹಗ್ಗವನ್ನು ಅದಕ್ಕೆ ಕಟ್ಟಿ. ನಾನಂತೂ ಇಂಥ ನಾಲ್ಕು ಚೀಲ ಇಲ್ಲದೆ ಹೊರಡುವುದಿಲ್ಲ.

ನೆಲದಲ್ಲಿ ಸಣ್ಣ ಮರಳು, ಒಣ ಎಲೆ ಗೆರೆ ಎಳೆದ ಹಾಗೆ ಸಾಲಾಗಿ ಕೂತಿದ್ದರೆ ಅದು ನೀರು ಹರಿದ ದಾರಿ. ಅಲ್ಲಿ ಬೇಡ. ನೀಲಗಿರಿ ಮರದ ಕೆಳಗಂತೂ ಬೇಡವೇ ಬೇಡ, ಅದರ ಕೊಂಬೆ ಗಾಳಿ ಇಲ್ಲದಿದ್ದರೂ ಮುರಿದು ಬೀಳುತ್ತದೆ.

ಗೂಟವನ್ನು ನೆಟ್ಟಗೆ ಹೊಡೆಯಬೇಡಿ. ತಲೆ ಟೆಂಟಿನಿಂದ ಆಚೆಗೆ ವಾಲಿರಲಿ, ಚೂಪು ತುದಿ ಟೆಂಟಿನ ಕಡೆಗೆ. ಆಗ ಹಗ್ಗ ಎಳೆದಷ್ಟೂ ಗೂಟ ಹಿಡಿಯುತ್ತದೆ. ಬಾಗಿಲು ಪಡುವಣಕ್ಕಿರಲಿ. ಸೂರ್ಯ ಹುಟ್ಟುವುದು ಕಾಣಲಿ ಅಂತ ಮೂಡಣಕ್ಕೆ ಇಡುತ್ತಾರೆ, ಆದರೆ ಚಳಿಗಾಲದ ಗಾಳಿ ಹೆಚ್ಚಾಗಿ ಬೀಸುವುದೂ ಆ ಕಡೆಯಿಂದಲೇ.

ಮೇಲಿನ ಹೊದಿಕೆ ಒಳಗಿನ ಬಟ್ಟೆಗೆ ತಾಗಬಾರದು. ಪಕ್ಕದ ಹಗ್ಗಗಳನ್ನು ಎಳೆದು ಕಟ್ಟಿದರೆ ನಡುವೆ ಸ್ವಲ್ಪ ಜಾಗ ಸಿಗುತ್ತದೆ. ಚಳಿ ಅಂತ ಜಿಪ್ಪು, ಕಿಂಡಿ ಎಲ್ಲ ಮುಚ್ಚಿದರೆ ನಮ್ಮ ಉಸಿರೇ ತಣ್ಣಗಾಗಿ ನೀರಾಗಿ ನಿಲ್ಲುತ್ತದೆ. ಬೆಳಗಿನ ಜಾವ ಮುಖದ ಮೇಲೆ ತೊಟ್ಟಿಕ್ಕಿದಾಗ ಟೆಂಟ್ ಸೋರುತ್ತಿದೆ ಅಂದುಕೊಳ್ಳುತ್ತಾರೆ. ಮೇಲಿನ ಕಿಂಡಿ ತೆರೆದೇ ಇರಲಿ. ಕೆಳಗೆ ಹಾಸುವ ಟಾರ್ಪಾಲಿನ ಅಂಚು ಟೆಂಟಿನಿಂದ ಹೊರಗೆ ಇಣುಕಬಾರದು. ಇಣುಕಿದರೆ ಮಳೆ, ಇಬ್ಬನಿ ಎಲ್ಲ ಅದರ ಮೇಲೆ ಇಳಿದು ನಿಮ್ಮ ಬೆನ್ನಿನ ಕೆಳಗೇ ನಿಲ್ಲುತ್ತದೆ. ಮಡಚಿ ಒಳಕ್ಕೆ ಸೇರಿಸಿ.

ಮಲಗಲು ಎರಡು ಹೊದಿಕೆ ತಂದರೆ ಒಂದನ್ನು ಕೆಳಗೆ ಹಾಸಿ. ಚಳಿ ಹತ್ತುವುದು ನೆಲದಿಂದ. ಟೆಂಟಿನೊಳಗೆ ಸ್ಟವ್, ಕೆಂಡ ಇಡಲೇಬೇಡಿ, ಅವುಗಳಿಂದ ಬರುವ ವಿಷಗಾಳಿ ವಾಸನೆಯಿಲ್ಲದೆ ಪ್ರಾಣ ತೆಗೆಯುತ್ತದೆ.

ಊಟಕ್ಕೆ ಚಪಾತಿ, ಹುಚ್ಚೆಳ್ಳು ಚಟ್ನಿಪುಡಿ ಸಾಕು. ಉಳಿದದ್ದನ್ನು ಮುಚ್ಚಳದ ಡಬ್ಬಿಗೆ ಹಾಕಿ ಕಾರಿನಲ್ಲಿಡಿ, ಹೊರಗೆ ಬಿಟ್ಟರೆ ನಾಯಿ, ಕೋತಿ ಬಿಡುವುದಿಲ್ಲ.

ಬೆಳಿಗ್ಗೆ ಟೆಂಟ್ ಒದ್ದೆಯಾಗಿಯೇ ಇರುತ್ತದೆ. ಹಾಗೇ ಸುತ್ತಿಕೊಂಡು ಬಂದರೂ ಪರವಾಗಿಲ್ಲ, ಆದರೆ ಮನೆಗೆ ಬಂದ ದಿನವೇ ತಾರಸಿಯ ಮೇಲೆ ನೆರಳಲ್ಲಿ ಹರಡಿ. ಎರಡು ದಿನ ಬಿಟ್ಟರೆ ಬೂಷ್ಟು ಹಿಡಿಯುತ್ತದೆ, ಆ ವಾಸನೆ ಎಷ್ಟು ತೊಳೆದರೂ ಹೋಗುವುದಿಲ್ಲ.