ಹದಿನೆಂಟು ತುಂಬುವ ಮೊದಲು: ಬಾಲಮಂದಿರದ ಮಕ್ಕಳಿಗೆ ಶಿಬಿರ ನಡೆಸುವ ಬಗೆ

ಬಾಲಮಂದಿರದಲ್ಲಿ ಬೆಳೆದ ಮಕ್ಕಳು 18 ತುಂಬಿದ ಮೇಲೆ ಅಲ್ಲಿಂದ ಹೊರಡಬೇಕು. ಅಷ್ಟು ವರ್ಷ ಅನ್ನ ಬೇಯಿಸಿದ್ದು ಅಡುಗೆಯವರು, ಬ್ಯಾಂಕಿಗೆ ಹೋಗಿದ್ದು ಸಿಬ್ಬಂದಿ, ಅರ್ಜಿ ಬರೆದದ್ದು ಅಧೀಕ್ಷಕರು. ಹೀಗಾಗಿ ಗಣಿತದಲ್ಲಿ ಒಳ್ಳೆಯ ಅಂಕ ತೆಗೆದ ಹುಡುಗಿಗೂ ಹಣ ತೆಗೆಯುವ ಚಲನ್ ತುಂಬಲು ಬರುವುದಿಲ್ಲ. ಮೈಸೂರು, ಮಂಡ್ಯ ಕಡೆ ಇಂಥ ಮಕ್ಕಳಿಗಾಗಿ ಶಿಬಿರ ಮಾಡಬೇಕೆಂದು ಹೊರಟವರು ಈ ಕೊರತೆ ತುಂಬುವುದಕ್ಕೇ ಹೆಚ್ಚು ಹೊತ್ತು ಕೊಡಬೇಕು. ಅತಿಥಿಗಳ ಭಾಷಣ, ಹಾರ, ಸ್ಮರಣಿಕೆ ಕೈಬಿಟ್ಟರೆ ದಿನಕ್ಕೆ ಎರಡು ಗಂಟೆ ಉಳಿಯುತ್ತದೆ. ಕೆಳಗಿನ ಲೆಕ್ಕವೆಲ್ಲ 14ರಿಂದ 17 ವರ್ಷದ 30 ಮಕ್ಕಳ, ಐದು ದಿನದ, ರಾತ್ರಿ ತಂಗದ ಶಿಬಿರಕ್ಕೆ. ಮೊದಲ ಸಲ ನಡೆಸುವವರು ರಾತ್ರಿ ತಂಗುವ ಶಿಬಿರಕ್ಕೆ ಕೈಹಾಕಬೇಡಿ.

ಅನುಮತಿ

ಮೊದಲು ಹೋಗಬೇಕಾದ್ದು ನಿಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ. ಅರ್ಜಿಯ ಜೊತೆ ದಿನವಾರು ವೇಳಾಪಟ್ಟಿ, ಸ್ವಯಂಸೇವಕರ ಹೆಸರು, ವಿಳಾಸ, ಗುರುತಿನ ಚೀಟಿಯ ಪ್ರತಿ ಇಡಿ. ಎಲ್ಲರದೂ ಪೊಲೀಸ್ ವೆರಿಫಿಕೇಷನ್ ಮಾಡಿಸಿ. ಇದಕ್ಕೆ ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಮಕ್ಕಳನ್ನು ಗೇಟಿನಿಂದ ಆಚೆ ಕರೆದೊಯ್ಯುವುದಿದ್ದರೆ ಮಕ್ಕಳ ಕಲ್ಯಾಣ ಸಮಿತಿಯ ಅನುಮತಿ ಬರಹದಲ್ಲೇ ಇರಲಿ. ಹೋಗುವ ಜಾಗ, ಹೊರಡುವ ಮತ್ತು ಮರಳುವ ಹೊತ್ತು, ಜೊತೆಗಿರುವ ದೊಡ್ಡವರ ಹೆಸರು ಅದರಲ್ಲಿ ಬರಬೇಕು. ಇದಕ್ಕೆಲ್ಲ ಆರು ವಾರ ಇಟ್ಟುಕೊಳ್ಳಿ.

ರಜೆಯಲ್ಲಿ ಮಾಡುವುದೇ ಸರಿ. ತಾಯಿಯೋ ಅಜ್ಜಿಯೋ ಇರುವ ಮಕ್ಕಳು ರಜೆಗೆ ಊರಿಗೆ ಹೋಗುತ್ತಾರೆ. ಯಾರೂ ಇಲ್ಲದವರು ಖಾಲಿಯಾದ ಕೋಣೆಗಳಲ್ಲಿ ಉಳಿಯುತ್ತಾರೆ. ನೀವು ಬೇಕಾಗಿರುವುದು ಇವರಿಗೆ. ಆದರೆ ಮೈಸೂರಿನಲ್ಲಿ ಜಂಬೂಸವಾರಿಯ ಆಸುಪಾಸಿನ ದಿನ ಬೇಡ. ಬಸ್ಸು, ರಸ್ತೆ ಯಾವುದೂ ನಿಮ್ಮ ಲೆಕ್ಕಕ್ಕೆ ಸಿಗುವುದಿಲ್ಲ.

ಜನ

ಐದು ಮಕ್ಕಳಿಗೆ ಒಬ್ಬರಂತೆ ಆರು ಮಂದಿ, ಸಾಮಾನು ಮತ್ತು ಅಡುಗೆಗೆ ಇಬ್ಬರು, ಯಾವ ಗುಂಪಿಗೂ ಸೇರದೆ ಎಲ್ಲ ನೋಡಿಕೊಳ್ಳುವವರೊಬ್ಬರು. ಹುಡುಗಿಯರಿದ್ದರೆ ಅರ್ಧಕ್ಕಿಂತ ಹೆಚ್ಚು ಹೆಂಗಸರೇ ಇರಲಿ. ಐದೂ ದಿನ ಬರಲಾಗದವರನ್ನು ಗುಂಪಿಗೆ ಹಾಕಬೇಡಿ. ಮೊದಲ ಸಂಜೆಯೇ ಯಾರೋ ಒಬ್ಬಳು ಕೈ ಹಿಡಿದು "ಅಕ್ಕಾ, ನಾಳೆನೂ ಬತ್ತೀರಾ?" ಅಂತ ಕೇಳುತ್ತಾಳೆ. ಬರುವುದಿದ್ದರಷ್ಟೇ ಹೂಂ ಅನ್ನಿ. ಬಂದು ಹೋಗುವವರನ್ನು ಆ ಮಕ್ಕಳು ಈಗಾಗಲೇ ಸಾಕಷ್ಟು ಕಂಡಿದ್ದಾರೆ.

ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಂದು ಮಗುವಿನ ಜೊತೆ ಒಬ್ಬರೇ ಇರಬಾರದು. ಸ್ವಂತ ಫೋನ್ ನಂಬರ್, ಗುಟ್ಟಾಗಿ ದುಡ್ಡು, ಒಬ್ಬರಿಗೆ ಮಾತ್ರ ಉಡುಗೊರೆ ಕೊಡಬಾರದು. ಮಕ್ಕಳ ಮುಖ ಕಾಣುವ ಫೋಟೊ, ಹೆಸರು, ಸಂಸ್ಥೆಯ ವಿವರ ಎಲ್ಲಿಯೂ ಹಾಕುವಂತಿಲ್ಲ. ಬಾಲನ್ಯಾಯ ಕಾಯ್ದೆ 2015ರ 74ನೇ ಕಲಮಿನಡಿ ಅದು ಅಪರಾಧ. 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ದಾನಿಗಳು ಫೋಟೊ ಕೇಳಿಯೇ ಕೇಳುತ್ತಾರೆ. ಮಕ್ಕಳು ಬಿಡಿಸಿದ ಚಿತ್ರ, ತಯಾರಿಸಿದ ವಸ್ತು ತೋರಿಸಿ, ಸಾಕು.

ಐದು ದಿನ

ಮೊದಲ ದಿನ ಆಟ, ಪರಿಚಯ, ಗುಂಪು. "ನಿಮ್ಮಪ್ಪ ಏನು ಮಾಡ್ತಾರೆ?" ಎಂಬ ಪ್ರಶ್ನೆಯಾಗಲಿ, ವಂಶವೃಕ್ಷ ಬರೆಸುವ ಚಟುವಟಿಕೆಯಾಗಲಿ ಬೇಡವೇ ಬೇಡ. ಹೆಸರು ಮತ್ತು ನನಗೆ ಚೆನ್ನಾಗಿ ಬರುವ ಒಂದು ಕೆಲಸ, ಇಷ್ಟು ಹೇಳಿಸಿ. ಲಗೋರಿ, ಕಬಡ್ಡಿ ಆಡಿಸಿ. ಆಡದವರನ್ನು ಎಳೆಯಬೇಡಿ, ಅಂಕ ಬರೆಯುವ ಕೆಲಸ ಕೊಡಿ.

ಎರಡನೇ ದಿನ ದಾಖಲೆ. ಎಲ್ಲಕ್ಕಿಂತ ನೀರಸವಾಗಿ ಕಾಣುವ, ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ದಿನ ಇದು. ಮೂಲ ದಾಖಲೆ ಸಂಸ್ಥೆಯ ಬೀರುವಿನಲ್ಲೇ ಇರಲಿ, ನಕಲು ತರಿಸಿಕೊಳ್ಳಿ. ಒಂದು ಮಗುವಿಗೆ ಒಂದು ಹಾಳೆ: ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲಾತಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್. ಪ್ರತಿಯೊಂದರಲ್ಲೂ ಹೆಸರು ಮತ್ತು ಹುಟ್ಟಿದ ದಿನಾಂಕ ಹೇಗಿದೆಯೋ ಹಾಗೇ ಅಕ್ಷರ ಅಕ್ಷರ ನಕಲಿಸಲಿ. ಒಂದರಲ್ಲಿ ಮಂಜುಳಾ, ಇನ್ನೊಂದರಲ್ಲಿ ಮಂಜುಳ ಎಂ. ಎಂದಿದ್ದರೆ ಆ ಜಾಗಕ್ಕೆ ಕೆಂಪು ಗೆರೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಅಚ್ಚಾಗುವ ಮೊದಲು, ಅಂದರೆ ಒಂಬತ್ತನೇ ತರಗತಿಯಲ್ಲೇ ಇದನ್ನು ಸರಿಪಡಿಸುವುದು ಸುಲಭ. ಆಮೇಲೆ ಓಡಾಟ ಹೆಚ್ಚು. ಆಧಾರ್‌ನಲ್ಲಿ ಬೆರಳಚ್ಚು, ಕಣ್ಣಿನ ಗುರುತನ್ನು 15 ವರ್ಷಕ್ಕೆ ಮತ್ತೆ ಕೊಡಬೇಕು. ನೆನಪಿಸುವ ಅಪ್ಪ ಅಮ್ಮ ಇಲ್ಲದ್ದರಿಂದ ಈ ಮಕ್ಕಳದು ತಪ್ಪಿಹೋಗಿರುತ್ತದೆ. ಹಾಳೆಯಲ್ಲಿ ಅದಕ್ಕೊಂದು ಕಲಂ ಇಡಿ.

ಮೂರನೇ ದಿನ ಹಣ. ಹತ್ತಿರದ ಬ್ಯಾಂಕಿನಿಂದ ಹಣ ಕಟ್ಟುವ, ತೆಗೆಯುವ ಚಲನ್ ತಲಾ 60 ತನ್ನಿ, ಒಬ್ಬೊಬ್ಬರಿಗೆ ಎರಡೆರಡು, ಮೊದಲನೆಯದು ಹಾಳಾಗುತ್ತದೆ. 1,050 ಎಂಬುದನ್ನು ಅಕ್ಷರದಲ್ಲಿ ಬರೆಯುವಾಗ ಎಡವುವವರು ಹೆಚ್ಚು. ಫೋನಿನಲ್ಲಿ ದುಡ್ಡು ಬರಲು ಪಿನ್ ಒತ್ತಬೇಕಿಲ್ಲ, ಪಿನ್ ಕೇಳಿದರೆ ದುಡ್ಡು ಹೋಗುತ್ತದೆ ಎಂಬುದನ್ನು ಬಾಯಿಪಾಠ ಮಾಡಿಸಿ. ಆಮೇಲೆ ಪ್ರತಿ ಗುಂಪಿಗೆ 12,000 ರೂಪಾಯಿಯ ಕಾಗದದ ಸಂಬಳ ಕೊಟ್ಟು ಬಾಡಿಗೆ, ಅಡ್ವಾನ್ಸ್, ದಿನಸಿ, ಬಸ್ಸು, ಮೊಬೈಲ್ ಕರೆನ್ಸಿ ಎಲ್ಲವನ್ನೂ ಒಂದು ತಿಂಗಳಿಗೆ ಹಂಚಲು ಹೇಳಿ. ನಡುವೆ ಜ್ವರ ಬಂದು ನಾಲ್ಕು ದಿನದ ಸಂಬಳ ಕಡಿತವಾಯಿತು ಎಂಬ ಚೀಟಿ ಕೊಡಿ. ಅಲ್ಲಿಂದ ನಿಜವಾದ ಚರ್ಚೆ ಶುರುವಾಗುತ್ತದೆ.

ನಾಲ್ಕನೇ ದಿನ ಹೊರಗೆ. ಮೈಸೂರಾದರೆ ದೇವರಾಜ ಮಾರುಕಟ್ಟೆ, ಮಂಡ್ಯವಾದರೆ ಪೇಟೆಯ ತರಕಾರಿ ಅಂಗಡಿಗಳು. ಪ್ರತಿ ಗುಂಪಿಗೆ 200 ರೂಪಾಯಿ, ಮರುದಿನದ ಅಡುಗೆಗೆ ಬೇಕಾದ್ದರ ಒಂದು ಭಾಗ ಅವರೇ ಕೊಳ್ಳಲಿ. ಬೋರ್ಡು ಓದಿ ಬಸ್ಸು ಹಿಡಿಯುವುದು, ಕಂಡಕ್ಟರನ್ನು ಕೇಳುವುದು ಮಕ್ಕಳ ಕೆಲಸ. ದೊಡ್ಡವರು ಹಿಂದೆ ನಿಲ್ಲಿ. ರಾಜ್ಯ ಸರ್ಕಾರದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಟಿಕೆಟ್ ಉಚಿತ, ಆದರೆ ಗುರುತಿನ ಚೀಟಿ ತೋರಿಸಬೇಕು. ಅದಕ್ಕೆ ಬೇಕಾದ ಮೂಲ ಆಧಾರನ್ನು ಒಬ್ಬ ದೊಡ್ಡವರು ಸಹಿ ಹಾಕಿ ಪಡೆದು, ಸಂಜೆ ಎಣಿಸಿ ಮರಳಿಸಲಿ. ಮೈಸೂರಿನಲ್ಲಿ ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಅಥವಾ ಪ್ಲಾಸ್ಟಿಕ್ ತಂತ್ರಜ್ಞಾನ ಕಲಿಸುವ ಸಿಪೆಟ್‌ಗೆ ಮುಂಚೆಯೇ ಹೇಳಿಟ್ಟು ಕರೆದೊಯ್ದರೆ, ಹತ್ತನೇ ತರಗತಿ ಮುಗಿಸಿ ಸೇರಬಹುದಾದ ಡಿಪ್ಲೊಮಾಗಳು ಕಣ್ಣಿಗೆ ಕಾಣುತ್ತವೆ.

ನೀರಿನ ಹತ್ತಿರ ಮಾತ್ರ ಬೇಡ. ಬಲಮುರಿ, ಎಡಮುರಿ, ಶ್ರೀರಂಗಪಟ್ಟಣದ ಸಂಗಮ, ವಿ.ಸಿ. ನಾಲೆ, ಯಾವುದೂ. ಮೇಲೆ ತಣ್ಣಗೆ ಕಂಡರೂ ಒಳಗೆ ಸೆಳೆತವಿರುತ್ತದೆ. ಮಕ್ಕಳು ಎಷ್ಟೇ ಗೋಗರೆದರೂ ಬಿಡಬೇಡಿ.

ಐದನೇ ದಿನ ಅಡುಗೆ. ರೆಗ್ಯುಲೇಟರ್ ಹಾಕುವುದು, ತೆಗೆಯುವುದು, ಗ್ಯಾಸಿನ ವಾಸನೆ ಬಂದರೆ ಸ್ವಿಚ್ ಮುಟ್ಟದೆ ಕಿಟಕಿ ತೆರೆಯುವುದು ಹುಡುಗರಿಗೂ ಹುಡುಗಿಯರಿಗೂ ಸಮಾನ ಪಾಠ. ದೊಡ್ಡವರೂ ಸೇರಿ 40 ಮಂದಿಗೆ ಮುದ್ದೆಯ ಊಟವಾದರೆ ರಾಗಿ ಹಿಟ್ಟು 4 ಕೆಜಿ, ಅಕ್ಕಿ 3 ಕೆಜಿ, ಸಾರಿಗೆ ಹುರುಳಿಕಾಳು 2 ಕೆಜಿ. ಬರೀ ಅನ್ನ ಸಾರಾದರೆ ಅಕ್ಕಿ 6 ಕೆಜಿ, ತೊಗರಿಬೇಳೆ ಒಂದೂವರೆ ಕೆಜಿ. ಯಾವನೋ ಒಬ್ಬ ಎರಡು ಬಾಳೆಹಣ್ಣು ಅಂಗಿಯೊಳಗೆ ತುರುಕಿಕೊಳ್ಳುವುದು ಕಾಣಬಹುದು. ಗದರಿಸಬೇಡಿ, ಎಲ್ಲರ ಮುಂದೆ ತೆಗೆಸಬೇಡಿ. ನಾಳೆ ಸಿಗುತ್ತದೋ ಇಲ್ಲವೋ ಎಂಬ ಹಳೆಯ ಭಯ ಅದು. ಹಣ್ಣಿನ ಬುಟ್ಟಿಯನ್ನು ಇಡೀ ದಿನ ಹೊರಗೇ ಇಟ್ಟರೆ ಬಚ್ಚಿಡುವುದು ತಾನಾಗಿ ಕಡಿಮೆಯಾಗುತ್ತದೆ. ಸ್ಯಾನಿಟರಿ ಪ್ಯಾಡುಗಳನ್ನೂ ಕೇಳಿ ಪಡೆಯುವಂತಿರದೆ ಬಚ್ಚಲಲ್ಲೇ ಇಡಿ.

ಮಗು ಏನಾದರೂ ಹೇಳಿಕೊಂಡರೆ

ಮೂರನೇ ದಿನದ ಹೊತ್ತಿಗೆ ನಂಬಿಕೆ ಬರುತ್ತದೆ, ಮಾತು ಹೊರಬೀಳುತ್ತದೆ. ಯಾರಾದರೂ ಹೊಡೆದದ್ದು, ಮೈ ಮುಟ್ಟಿದ್ದು ಹೇಳಿದರೆ ಸುಮ್ಮನೆ ಕೇಳಿ. "ಯಾರಿಗೂ ಹೇಳಲ್ಲ" ಎಂಬ ಮಾತು ಕೊಡಬೇಡಿ. ಸಹಾಯ ಮಾಡಬಲ್ಲವರಿಗೆ ಹೇಳಲೇಬೇಕು ಎಂದು ತಿಳಿಸಿ. ಕೆದಕಿ ಕೆದಕಿ ಕೇಳಬೇಡಿ, ಮಗುವಿನ ಮಾತನ್ನು ಮಗುವಿನ ಪದಗಳಲ್ಲೇ ಅಂದೇ ಬರೆದಿಡಿ. ಲೈಂಗಿಕ ದೌರ್ಜನ್ಯವಾದರೆ ಪೋಕ್ಸೊ ಕಾಯ್ದೆ 2012ರ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ತಿಳಿಸದಿರುವುದೇ ಅಪರಾಧ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು. ಸಂಸ್ಥೆಯವರಿಗೆ ಹೇಳಿದೆವಲ್ಲ ಎಂದು ಸುಮ್ಮನಾಗಬೇಡಿ. ಆರೋಪ ಅಲ್ಲಿಯವರ ಮೇಲೇ ಇರಬಹುದು.

ಮುಗಿದ ಮೇಲೆ

ಕೊನೆಯ ದಿನ ಮೂರು ಗಂಟೆಗೇ ಬೀಳ್ಕೊಡುಗೆ ಶುರು ಮಾಡಿ. ಕತ್ತಲಾಗುವ ಹೊತ್ತಿಗೆ ಅವಸರದಲ್ಲಿ ಹೊರಟರೆ ಅಳು ಹೆಚ್ಚು, ರಾತ್ರಿ ಸಮಾಧಾನ ಮಾಡಲು ಸಿಬ್ಬಂದಿ ಕಡಿಮೆ. ಮುಂದೆ ಬರುವ ದಿನಾಂಕ ಗೊತ್ತಿದ್ದರೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಡಿ, ಗೊತ್ತಿಲ್ಲದಿದ್ದರೆ ಇಲ್ಲ ಎನ್ನಿ.

ದಾಖಲೆ ಹಾಳೆಗಳ ಒಂದು ಪ್ರತಿ ಅಧೀಕ್ಷಕರಿಗೆ, ಒಂದು ಪ್ರತಿ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಲಿ. ನಿಮ್ಮ ಬಳಿ ಯಾವುದೂ ಉಳಿಯಬಾರದು. 17 ದಾಟಿದವರ ಪಟ್ಟಿಯನ್ನು ಬೇರೆಯೇ ಮಾಡಿ ಕೊಡಿ: ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಸಂಸ್ಥೆ ಬಿಟ್ಟವರಿಗೆ 21 ವರ್ಷದವರೆಗೆ ತಿಂಗಳಿಗೆ 4,000 ರೂಪಾಯಿ ಅನುಪಾಲನೆ ನೆರವು ಸಿಗಬಹುದು. 18 ತುಂಬಿದ ಮೇಲೆ ಅರ್ಜಿ ಹಾಕಹೊರಟರೆ ನಡುವಿನ ತಿಂಗಳುಗಳಲ್ಲಿ ಆ ಮಗುವಿಗೆ ದಿಕ್ಕಿರುವುದಿಲ್ಲ. ಮೂರು ತಿಂಗಳ ಮೇಲೆ ಮತ್ತೆ ಹೋಗಿ, ಕೆಂಪು ಗೆರೆಗಳಲ್ಲಿ ಎಷ್ಟು ಸರಿಯಾದವು ಎಂದು ಅಧೀಕ್ಷಕರ ಬಳಿಯ ಹಾಳೆ ಹಿಡಿದು ಒಂದೊಂದಾಗಿ ಕೇಳಿ.