ಮಾರ್ಷ್ ರೆನ್ ಮತ್ತು ಸೆಡ್ಜ್ ರೆನ್: ಜೌಗಿನ ಎರಡು ಪುಟ್ಟ ಹಕ್ಕಿಗಳನ್ನು ಗುರುತಿಸುವ ಬಗೆ

ಉತ್ತರ ಅಮೆರಿಕದ ಜೌಗು ಪ್ರದೇಶಗಳಲ್ಲಿ ಕಾಣಸಿಗುವ ಮಾರ್ಷ್ ರೆನ್ ಮತ್ತು ಸೆಡ್ಜ್ ರೆನ್ ಎರಡೂ ಸಿಸ್ಟೊಥೋರಸ್ ಎಂಬ ಒಂದೇ ಕುಲದವು. ಎರಡೂ ಕಂದು ಬಣ್ಣದ ಹಕ್ಕಿಗಳು. ಬಾಲ ನಿಗುರಿಸಿಕೊಂಡು ಹುಲ್ಲಿನ ಬುಡದಲ್ಲೇ ಓಡಾಡುತ್ತವೆ, ಕಣ್ಣಿಗೆ ಬಿದ್ದ ಕ್ಷಣದಲ್ಲೇ ಮರೆಯಾಗುತ್ತವೆ. ಆದ್ದರಿಂದ ಹಕ್ಕಿ ಕಾಣಿಸುವ ಮೊದಲೇ ಅರ್ಧ ಕೆಲಸವನ್ನು ಮುಗಿಸಿಕೊಂಡಿರಬೇಕು.

ಮೊದಲು ನಿಂತ ನೆಲವನ್ನು ಗಮನಿಸಿ. ನಿಂತ ನೀರಿನಲ್ಲಿ ಆಪು ಹುಲ್ಲು ಆಳೆತ್ತರ ಬೆಳೆದಿದ್ದರೆ ಅದು ಮಾರ್ಷ್ ರೆನ್‌ನ ಮನೆ. ಕಾಲು ತೋಯುವಷ್ಟು ಮಾತ್ರ ತೇವವಿರುವ, ಜೇಕು ದಟ್ಟವಾಗಿ ಹಬ್ಬಿದ ಬಯಲಾದರೆ ಸೆಡ್ಜ್ ರೆನ್‌ನದು. ಈ ಎರಡನೆಯದು ಒಂದೆಡೆ ನೆಲೆ ನಿಲ್ಲುವ ಹಕ್ಕಿಯಲ್ಲ. ನೀರು ಏರಿದರೂ ಬತ್ತಿದರೂ ಜಾಗ ಬಿಡುವುದರಿಂದ, ಕಳೆದ ವರ್ಷ ಕಂಡ ಬಯಲಿನಲ್ಲಿ ಈ ವರ್ಷ ಕಾಣದೆ, ಜುಲೈ ತಿಂಗಳಲ್ಲಿ ಇನ್ನೆಲ್ಲೋ ಹೊಸದಾಗಿ ಹಾಡಲಾರಂಭಿಸುವುದೂ ಉಂಟು. ಕ್ಯಾಲಿಫೋರ್ನಿಯಾದಂಥ ಪಶ್ಚಿಮದ ರಾಜ್ಯಗಳಲ್ಲಿ ಅದು ತೀರಾ ಅಪರೂಪ.

ಬಳಿಕ ಕಿವಿಗೊಡಿ, ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ನಂಬಲರ್ಹವಾದ ಗುರುತು. ಸೆಡ್ಜ್ ರೆನ್ 'ಚಪ್, ಚಪ್' ಎಂಬ ಬಿಡಿಬಿಡಿಯಾದ ಒಣ ಸ್ವರಗಳಿಂದ ಆರಂಭಿಸಿ ಕಡೆಗೆ ಚಟಚಟನೆ ಉದುರಿಸಿ ನಿಲ್ಲಿಸುತ್ತದೆ. ಮಾರ್ಷ್ ರೆನ್‌ನ ಹಾಡು ಗುಳುಗುಳು ಸದ್ದಿನೊಂದಿಗೆ ಹೊಲಿಗೆ ಯಂತ್ರದಂತೆ ಓಡುತ್ತದೆ, ಮತ್ತು ಪ್ರತಿ ಸಲವೂ ರೂಪ ಬದಲಿಸುತ್ತದೆ: ಪಶ್ಚಿಮ ಭಾಗದ ಒಂದೊಂದು ಗಂಡೂ 100ಕ್ಕಿಂತ ಹೆಚ್ಚು ಹಾಡುಗಳನ್ನು ಬಲ್ಲದು. ಎರಡೂ ರಾತ್ರಿಯಲ್ಲೂ ಹಾಡುವುದರಿಂದ ಕತ್ತಲಾದರೂ ಕಾಯಬಹುದು.

ಹಕ್ಕಿ ಕಾಂಡವೇರಿ ಹೊರಬಂದಾಗ ದೃಷ್ಟಿ ನೇರವಾಗಿ ನೆತ್ತಿಗೆ ಹೋಗಲಿ. ಮಾರ್ಷ್ ರೆನ್‌ನ ನೆತ್ತಿ ಗೆರೆಗಳಿಲ್ಲದ ಕಡುಗಂದು, ಹುಬ್ಬು ಎದ್ದು ಕಾಣುವ ಬಿಳುಪು, ಕೊಕ್ಕು ತುಸು ಉದ್ದ, ಬೆನ್ನಿನ ಮೇಲೆ ಕಪ್ಪು ಪಟ್ಟಿಯಲ್ಲಿ ಬಿಳಿ ಗೀರುಗಳು. ಸೆಡ್ಜ್ ರೆನ್‌ನ ನೆತ್ತಿಯಲ್ಲಿ ಸಣ್ಣ ಗೀರುಗಳಿದ್ದು, ಹುಬ್ಬು ಮಾಸಲಾಗಿಯೂ ಕೊಕ್ಕು ಗಿಡ್ಡವಾಗಿಯೂ ಇರುತ್ತದೆ. ರೆಕ್ಕೆಯ ಮೇಲೆ ಅಡ್ಡಪಟ್ಟಿಗಳಿರುತ್ತವೆ. ಹುಬ್ಬೊಂದನ್ನೇ ನಂಬಬೇಡಿ, ಏಕೆಂದರೆ ಎಳೆಯ ಮಾರ್ಷ್ ರೆನ್‌ನಲ್ಲಿ ಹುಬ್ಬೂ ಬೆನ್ನಿನ ಗೀರುಗಳೂ ಮಸುಕಾಗಿದ್ದು, ಅನುಭವಿಗಳೂ ಎಡವುತ್ತಾರೆ. ವಲಸೆಯ ಕಾಲದಲ್ಲಿ ನೆಲದ ಗುರುತು ಕೂಡ ಕೈಕೊಡಬಹುದು. ಆಗ ನೆತ್ತಿ ಮತ್ತು ರೆಕ್ಕೆಯನ್ನು ಸೇರಿಸಿ ನೋಡಿ.

ಗೂಡನ್ನು ಹುಡುಕಿಕೊಂಡು ಹುಲ್ಲಿನೊಳಗೆ ನುಗ್ಗುವುದು ಬೇಡ. ಎರಡು ಪ್ರಭೇದಗಳ ಗಂಡುಗಳೂ ಮೊಟ್ಟೆಯಿಡದ ಹುಸಿಗೂಡುಗಳನ್ನು ಹಲವು ಕಟ್ಟುವುದರಿಂದ ಸಿಕ್ಕ ಗೂಡು ಬರಿದಾಗಿರುವುದೇ ಹೆಚ್ಚು, ಆದರೆ ತುಳಿತಕ್ಕೆ ಸಿಕ್ಕುವುದು ಮರಿಗಳಿರುವ ಗೂಡೂ ಆಗಬಹುದು.